ಹೋದ ಕೆಲಸ ಯಾರ ಖಾತೆಗೆ?

ಅಮೆರಿಕದಲ್ಲಿ ಸಾಮಾನ್ಯವಾಗಿ ತಿಂಗಳ ಮೊದಲ ಶುಕ್ರವಾರ ಉದ್ಯೋಗದ ಅಂಕಿಅಂಶ ಹೊರಬೀಳುತ್ತದೆ. ಅಂದು ಮಧ್ಯಾಹ್ನದೊಳಗೆ ಅದು ಅಧ್ಯಕ್ಷರ ಖಾತೆಗೆ ಜಮೆಯೋ ಖರ್ಚೋ ಆಗಿರುತ್ತದೆ. ಈ ರೂಢಿಗೆ ನೂರು ವರ್ಷವೂ ಆಗಿಲ್ಲ.

1929ರ ಷೇರುಪೇಟೆ ಕುಸಿತದ ನಂತರ ಎಷ್ಟು ಜನ ಕೆಲಸ ಕಳೆದುಕೊಂಡರೆಂದು ಅಧ್ಯಕ್ಷ ಹರ್ಬರ್ಟ್ ಹೂವರ್ ಸರ್ಕಾರಕ್ಕೇ ಗೊತ್ತಿರಲಿಲ್ಲ. 1930ರ ಆರಂಭದಲ್ಲಿ ಉದ್ಯೋಗ ಚೇತರಿಸುತ್ತಿದೆ ಎಂದು ಹೂವರ್ ಹೇಳಿದಾಗ, ನ್ಯೂಯಾರ್ಕ್ ರಾಜ್ಯದ ಕಾರ್ಮಿಕ ಇಲಾಖೆ ನೋಡಿಕೊಳ್ಳುತ್ತಿದ್ದ ಫ್ರಾನ್ಸಿಸ್ ಪರ್ಕಿನ್ಸ್ ತಮ್ಮ ಬಳಿಯಿದ್ದ ಲೆಕ್ಕ ಮುಂದಿಟ್ಟು ಅದು ಸುಳ್ಳೆಂದರು. ಕಾರ್ಮಿಕ ಅಂಕಿಅಂಶ ಬ್ಯೂರೋದ ಮುಖ್ಯಸ್ಥ ಎಥೆಲ್‌ಬರ್ಟ್ ಸ್ಟುವರ್ಟ್ ಕೂಡ ಸರ್ಕಾರದ ರಾಗಕ್ಕೆ ತಾಳ ಹಾಕಲಿಲ್ಲ. 1932ರಲ್ಲಿ ಅವರನ್ನು ನಿವೃತ್ತಿಯ ಹೆಸರಲ್ಲಿ ಮನೆಗೆ ಕಳಿಸಲಾಯಿತು. 1933ರಲ್ಲಿ ನಿರುದ್ಯೋಗ ಶೇ. 25ರಷ್ಟಿತ್ತು ಎಂದು ನಾವು ಪಠ್ಯಪುಸ್ತಕದಲ್ಲಿ ಓದುವ ಅಂಕಿ ಆ ಕಾಲದ್ದಲ್ಲ. ಅರ್ಥಶಾಸ್ತ್ರಜ್ಞ ಸ್ಟ್ಯಾನ್ಲಿ ಲೆಬರ್ಗಾಟ್ ಅದನ್ನು ವರ್ಷಗಳ ನಂತರ ಕಟ್ಟಿದರು. ಅದರಲ್ಲೂ ರೂಸ್‌ವೆಲ್ಟ್ ಸರ್ಕಾರದ ಪರಿಹಾರ ಕಾಮಗಾರಿಗಳಲ್ಲಿ ದುಡಿಯುತ್ತಿದ್ದವರೆಲ್ಲ ನಿರುದ್ಯೋಗಿಗಳ ಪಟ್ಟಿಯಲ್ಲಿದ್ದರು. 1976ರಲ್ಲಿ ಅರ್ಥಶಾಸ್ತ್ರಜ್ಞ ಮೈಕೇಲ್ ಡಾರ್ಬಿ ಈ ಕಾರ್ಮಿಕರನ್ನು ದುಡಿಯುವವರ ಸಾಲಿಗೆ ಸೇರಿಸಿದಾಗ ರೂಸ್‌ವೆಲ್ಟ್ ಸಾಧನೆಯ ಬಣ್ಣವೇ ಬದಲಾಯಿತು. ಸೇತುವೆ ಕಟ್ಟಿ ಕೂಲಿ ಪಡೆದವನನ್ನು ನಿರುದ್ಯೋಗಿ ಎನ್ನುವುದು ನನಗಂತೂ ವಿಚಿತ್ರವಾಗಿಯೇ ಕಾಣುತ್ತದೆ.

1940ರಲ್ಲಿ ಮನೆಮನೆಯ ಮಾಸಿಕ ಸಮೀಕ್ಷೆ ಶುರುವಾಯಿತು. 1946ರ ಉದ್ಯೋಗ ಕಾಯ್ದೆ ಉದ್ಯೋಗದ ಹೊಣೆಯನ್ನು ಕೇಂದ್ರ ಸರ್ಕಾರದ ಮೇಲೆ ಹಾಕಿ, ಅಧ್ಯಕ್ಷರಿಗೆ ಆರ್ಥಿಕ ಸಲಹೆಗಾರರ ಮಂಡಳಿಯೊಂದನ್ನು ಕೊಟ್ಟಿತು. ಅಳತೆಗೋಲೂ ಬಂತು, ಹೊಣೆಗಾರನೂ ಸಿಕ್ಕ. ಮತದಾನಕ್ಕೂ ಆರ್ಥಿಕತೆಗೂ ಇರುವ ನಂಟನ್ನು 1971ರಲ್ಲಿ ರಾಜಕೀಯ ವಿಜ್ಞಾನಿ ಜೆರಾಲ್ಡ್ ಕ್ರೇಮರ್, 1978ರಲ್ಲಿ ಅರ್ಥಶಾಸ್ತ್ರಜ್ಞ ರೇ ಫೇರ್ ಸಮೀಕರಣಗಳಲ್ಲಿ ಹಿಡಿದರು. ಚುನಾವಣೆಯ ಹೊತ್ತಿಗೆ ಆರ್ಥಿಕತೆಯನ್ನು ಉಬ್ಬಿಸುವ ಆಮಿಷ ಆಳುವವರಿಗೆ ಇದ್ದೇ ಇರುತ್ತದೆಂದು 1975ರಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ ವಾದಿಸಿದರು.

ಅಂಕಿಗೆ ಇಷ್ಟು ಬೆಲೆ ಬಂದ ಮೇಲೆ ಎಣಿಸುವವರ ಮೇಲೆ ಕಣ್ಣು ಬೀಳದಿರುತ್ತದೆಯೇ? 1971ರಲ್ಲಿ ನಿಕ್ಸನ್ ಸರ್ಕಾರ ಬ್ಯೂರೋ ತಜ್ಞರ ಮಾಸಿಕ ಪತ್ರಿಕಾಗೋಷ್ಠಿಯನ್ನೇ ನಿಲ್ಲಿಸಿತು. ಸೆನೆಟರ್ ಪ್ರಾಕ್ಸ್‌ಮೈರ್ ಅದೇ ತಜ್ಞರನ್ನು ಸಂಸತ್ ಸಮಿತಿಯ ಮುಂದೆ ಕರೆಸಿ ಮಾತಾಡಿಸತೊಡಗಿದರು. 2025ರ ಆಗಸ್ಟ್‌ನಲ್ಲಿ ಹಿಂದಿನ ಎರಡು ತಿಂಗಳ ಉದ್ಯೋಗದ ಅಂಕಿ ಪರಿಷ್ಕರಣೆಯಲ್ಲಿ 2,58,000ದಷ್ಟು ಇಳಿದದ್ದೇ ತಡ, ಟ್ರಂಪ್ ಬ್ಯೂರೋ ಮುಖ್ಯಸ್ಥೆ ಎರಿಕಾ ಮೆಕೆಂಟಾರ್ಫರ್ ಅವರನ್ನು ವಜಾ ಮಾಡಿದರು. ಪರಿಷ್ಕರಣೆ ಈ ಲೆಕ್ಕದ ನಿತ್ಯಕರ್ಮ. ತಡವಾಗಿ ಉತ್ತರಿಸುವ ಸಂಸ್ಥೆಗಳಿಂದ ಮಾಹಿತಿ ಬಂದಂತೆ ಅಂಕಿ ಬದಲಾಗಲೇಬೇಕು.

ಹಿಂಜರಿತದ ಶಿಕ್ಷೆ ಎಲ್ಲ ಅಧ್ಯಕ್ಷರಿಗೂ ಒಂದೇ ಅಲ್ಲ. 1982ರ ಕೊನೆಯಲ್ಲಿ ಶೇ. 10.8ಕ್ಕೆ ಏರಿದ್ದ ನಿರುದ್ಯೋಗ 1984ರ ಚುನಾವಣೆಯ ವೇಳೆಗೆ ಶೇ. 7.2ಕ್ಕೆ ಇಳಿದಿತ್ತು, ರೇಗನ್ 49 ರಾಜ್ಯ ಗೆದ್ದರು. ಹಿರಿಯ ಬುಷ್ ಕಾಲದ ಹಿಂಜರಿತ 1991ರ ಮಾರ್ಚ್‌ನಲ್ಲೇ ಮುಗಿದಿತ್ತು. ಆದರೆ ಕೆಲಸಗಳು ಮರಳಲಿಲ್ಲ, 1992ರ ಜೂನ್‌ನಲ್ಲಿ ನಿರುದ್ಯೋಗ ಶೇ. 7.8 ಮುಟ್ಟಿತು. ಹಿಂಜರಿತ ಮುಗಿದಿದೆ ಎಂದು ರಾಷ್ಟ್ರೀಯ ಆರ್ಥಿಕ ಸಂಶೋಧನಾ ಬ್ಯೂರೋ ಸಾರಿದ್ದು 1992ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಬುಷ್ ಸೋತು ತಿಂಗಳಾಗಿತ್ತು!

2004ರಲ್ಲಿ ಕಿರಿಯ ಬುಷ್ ಮೇಲೆ 'ಹೂವರ್ ನಂತರ ಕೆಲಸ ಕಳೆದ ಮೊದಲ ಅಧ್ಯಕ್ಷ' ಎಂಬ ಆರೋಪ ಬಂದಾಗ ಜಗಳ ಎರಡು ಸಮೀಕ್ಷೆಗಳದ್ದಾಯಿತು: ಕಂಪನಿಗಳ ಸಂಬಳಪಟ್ಟಿ ನಷ್ಟ ತೋರಿಸಿದರೆ, ಮನೆಮನೆ ಸಮೀಕ್ಷೆ ಲಾಭ ತೋರಿಸುತ್ತಿತ್ತು. ನಮ್ಮ ಬೆಂಗಳೂರು ಈ ವಾದಕ್ಕೆ ಸಿಕ್ಕಿಕೊಂಡದ್ದೂ ಆ ಕಾಲದ ಹೊರಗುತ್ತಿಗೆ ಗದ್ದಲದಲ್ಲೇ. 2009ರ ಮೇನಲ್ಲಿ ಒಬಾಮಾ ತೆರಿಗೆ ಕಾನೂನನ್ನು ಟೀಕಿಸುತ್ತ ಬೆಂಗಳೂರನ್ನೂ ನ್ಯೂಯಾರ್ಕ್ ರಾಜ್ಯದ ಬಫಲೋವನ್ನೂ ಎದುರುಬದುರು ನಿಲ್ಲಿಸಿದರು. ಆದರೆ ಒಬಾಮಾ ಅಧಿಕಾರಕ್ಕೆ ಬಂದಾಗ ನಡೆಯುತ್ತಿದ್ದ ಹಿಂಜರಿತದಲ್ಲಿ ದೊಡ್ಡ ಪೆಟ್ಟು ತಿಂದದ್ದು ಕಟ್ಟಡ ನಿರ್ಮಾಣ ಮತ್ತು ಕಾರ್ಖಾನೆಗಳು. ಅವು ಇಲ್ಲಿಗೆ ಬಂದ ಕೆಲಸಗಳಲ್ಲ.

ಒಬಾಮಾ ಲೆಕ್ಕ ಇನ್ನೂ ತೊಡಕಿನದು. 2008ರ ಆರಂಭದಿಂದ 2010ರ ಆರಂಭದವರೆಗೆ ಸುಮಾರು 87 ಲಕ್ಷ ಉದ್ಯೋಗ ಹೋದವು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಅವರು ಪ್ರಮಾಣವಚನ ತೆಗೆದುಕೊಳ್ಳುವ ಮೊದಲೇ ಹೋಗಿದ್ದವು. ಸಂಬಳಪಟ್ಟಿ ಎಣಿಸುವುದು ತಿಂಗಳ 12ನೇ ತಾರೀಖು ಬೀಳುವ ವೇತನಾವಧಿಗೆ, ಪ್ರಮಾಣವಚನ ಜನವರಿ 20ಕ್ಕೆ. ಹಾಗಾಗಿ 2009ರ ಜನವರಿಯ ಭಾರೀ ನಷ್ಟ ಬುಷ್ ಅವಧಿಯದ್ದು. ಆದರೂ ಉತ್ತೇಜನ ಯೋಜನೆ ಜಾರಿಯಾದರೆ ನಿರುದ್ಯೋಗ ಶೇ. 8 ದಾಟದು ಎಂದು ಒಬಾಮಾ ಸಲಹೆಗಾರರೇ ಅಂದಾಜಿಸಿದ್ದರು. ಅಕ್ಟೋಬರ್‌ನಲ್ಲಿ ಅದು ಶೇ. 10 ಆಯಿತು. ವಿರೋಧಿಗಳಿಗೆ ಅಷ್ಟು ಸಾಕಾಗಿತ್ತು. ನನ್ನ ದೃಷ್ಟಿಯಲ್ಲಿ ತಪ್ಪಿದ್ದು ಯೋಜನೆಗಿಂತ ಹೆಚ್ಚಾಗಿ ಕುಸಿತದ ಆಳದ ಅಂದಾಜು.

ಅಧ್ಯಕ್ಷರ ಪಾಲೆಷ್ಟು ಎಂಬ ಪ್ರಶ್ನೆಗೆ ಅರ್ಥಶಾಸ್ತ್ರಜ್ಞರಾದ ಅಲನ್ ಬ್ಲೈಂಡರ್ ಮತ್ತು ಮಾರ್ಕ್ ವಾಟ್ಸನ್ 2016ರಲ್ಲಿ ಕೊಟ್ಟ ಉತ್ತರ ಎರಡೂ ಪಕ್ಷಗಳಿಗೆ ಇರುಸುಮುರುಸು ತರುವಂಥದ್ದು. ಎರಡನೇ ಮಹಾಯುದ್ಧದ ನಂತರ ಡೆಮಾಕ್ರಟ್ ಅಧ್ಯಕ್ಷರ ಕಾಲದಲ್ಲಿ ಆರ್ಥಿಕತೆ ವರ್ಷಕ್ಕೆ ಸುಮಾರು ಶೇ. 1.8 ಅಂಶದಷ್ಟು ಹೆಚ್ಚು ವೇಗವಾಗಿ ಬೆಳೆದಿತ್ತು. ಕಾರಣ ಹುಡುಕಿದಾಗ ಮುಖ್ಯವಾಗಿ ಸಿಕ್ಕದ್ದು ತೈಲ ಬೆಲೆಯ ಆಘಾತಗಳು, ಉತ್ಪಾದಕತೆಯ ಏರಿಳಿತ; ಬಜೆಟ್ ನೀತಿಯಲ್ಲ. ಹೊರಗಿನ ಆಘಾತ ಲೆಕ್ಕವನ್ನು ಹೇಗೆ ಬುಡಮೇಲು ಮಾಡುತ್ತದೆಂದು ಟ್ರಂಪ್ ಕಾಲದಲ್ಲೂ ಕಂಡಿತು. 2020ರ ಫೆಬ್ರವರಿಯವರೆಗೆ ಎಣಿಸಿದರೆ ಟ್ರಂಪ್ ಮೊದಲ ಅವಧಿಯಲ್ಲಿ 60 ಲಕ್ಷಕ್ಕೂ ಹೆಚ್ಚು ಉದ್ಯೋಗ ಸೇರಿದ್ದವು. ಕೋವಿಡ್ ಬಂದು ಏಪ್ರಿಲ್ ಒಂದೇ ತಿಂಗಳಲ್ಲಿ 2 ಕೋಟಿಗೂ ಹೆಚ್ಚು ಹೋದವು. 2021ರ ಜನವರಿಯಲ್ಲಿ ಅವರು ಅಧಿಕಾರ ಬಿಟ್ಟಾಗ ಖಾತೆಯಲ್ಲಿ ಉಳಿದದ್ದು 25 ಲಕ್ಷ ಮೀರಿದ ನಷ್ಟ. ಕಿರಿಯ ಬುಷ್‌ಗೆ ಅಂಟದ ಹೂವರ್ ಹೋಲಿಕೆ ಇವರಿಗೆ ಅಂಟಿಕೊಂಡಿತು.