ಗಡ್ಡೆ ಕುಗ್ಗಿತು, ರೋಗಿ ಹೇಗಿದ್ದಾರೆ?

ವಿಕಿರಣ ಚಿಕಿತ್ಸೆಯ ಆರಂಭದ ದಶಕಗಳಲ್ಲಿ ಅಡ್ಡಪರಿಣಾಮವೇ ಅಳತೆಗೋಲು. 1895ರಲ್ಲಿ ರಾಂಟ್ಜೆನ್ ಎಕ್ಸ್-ಕಿರಣವನ್ನು ಕಂಡುಹಿಡಿದ ಮರುವರ್ಷವೇ ವೈದ್ಯರು ಅದನ್ನು ಗಡ್ಡೆಗಳ ಮೇಲೆ ಹಾಯಿಸತೊಡಗಿದರು. ಎಷ್ಟು ಕಿರಣ ಬಿತ್ತೆಂದು ಅಂದಾಜಿಸಲು ಚರ್ಮ ಕೆಂಪಾಯಿತೇ ಎಂದು ನೋಡುತ್ತಿದ್ದರು. 1928ರಲ್ಲಿ ರಾಂಟ್ಜೆನ್ ಹೆಸರಿನ ಮಾನಕ್ಕೆ ಅಂತರರಾಷ್ಟ್ರೀಯ ಒಪ್ಪಿಗೆ ಸಿಕ್ಕಿ ಕಿರಣದ ಲೆಕ್ಕ ಗಟ್ಟಿಯಾಯಿತು; ರೋಗಿಯ ನರಳಾಟಕ್ಕೆ ಲೆಕ್ಕವಿರಲಿಲ್ಲ.

ಅದನ್ನು ಮೊದಲು ಕಾಗದಕ್ಕಿಳಿಸಿದವರಲ್ಲಿ ಅಮೆರಿಕದ ಡೇವಿಡ್ ಕಾರ್ನೋಫ್‌ಸ್ಕಿ ಪ್ರಮುಖರು. 1940ರ ದಶಕದ ಕೊನೆಗೆ, ನೈಟ್ರೋಜನ್ ಮಸ್ಟರ್ಡ್ ಎಂಬ ಕೀಮೋ ಔಷಧಿಯನ್ನು ಪರೀಕ್ಷಿಸುವಾಗ, ಅವರೂ ಸಂಗಡಿಗರೂ 100ರಿಂದ 0ವರೆಗಿನ ಮಾಪನವೊಂದನ್ನು ರೂಪಿಸಿದರು. ರೋಗಿ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲರೇ, ಇನ್ನೊಬ್ಬರ ಆಸರೆ ಬೇಕೇ ಎಂಬುದರ ಮೇಲೆ ಅಂಕ. ದೊಡ್ಡ ಹೆಜ್ಜೆಯೇ, ಆದರೆ ಅಂಕ ಕೊಡುವವರು ವೈದ್ಯರು.

ಗಡ್ಡೆಯ ಅಳತೆಯಾದರೂ ನಂಬುವಂತಿತ್ತೇ? 1976ರಲ್ಲಿ ಮೋರ್ಟೆಲ್ ಮತ್ತು ಹ್ಯಾನ್ಲಿ ಪ್ರಕಟಿಸಿದ ಪ್ರಯೋಗ ನನಗೆ ಈ ಇತಿಹಾಸದಲ್ಲೇ ಅತ್ಯಂತ ಪ್ರಾಮಾಣಿಕವೆನಿಸುತ್ತದೆ. ಫೋಮ್ ಹಾಸಿನ ಕೆಳಗೆ 12 ಗೋಲಗಳನ್ನಿಟ್ಟು, ನುರಿತ 16 ಕ್ಯಾನ್ಸರ್ ತಜ್ಞರಿಗೆ ಮುಟ್ಟಿ ಅಳೆಯಲು ಹೇಳಿದರು. ಗೋಲಗಳು ಕುಗ್ಗುವುದೂ ಇಲ್ಲ, ಬೆಳೆಯುವುದೂ ಇಲ್ಲ. ಅಳತೆಗಳು ಮಾತ್ರ ಹೊಂದಲಿಲ್ಲ. ಕಾಲುಭಾಗ ಕುಗ್ಗಿದೆ ಎಂದಾಕ್ಷಣ ಔಷಧಿ ಫಲಿಸಿತೆಂದರೆ ಎಷ್ಟೋ ಬಾರಿ ಅದು ಬರೀ ಬೆರಳಿನ ತಪ್ಪಾಗಿರಬಹುದು ಎಂಬುದು ಬಯಲಾಯಿತು. ಮುಂದೆ ಸ್ಕ್ಯಾನ್ ಬಂತು. 2000ದಲ್ಲಿ ರೆಸಿಸ್ಟ್ ನಿಯಮಾವಳಿ ಗಡ್ಡೆಗಳ ಅತಿ ಉದ್ದದ ವ್ಯಾಸಗಳ ಮೊತ್ತ ಕನಿಷ್ಠ ಶೇ. 30 ಇಳಿದರೆ ಭಾಗಶಃ ಸ್ಪಂದನೆ ಎಂದು ಗೆರೆ ಎಳೆಯಿತು.

ಅಡ್ಡಪರಿಣಾಮಗಳಿಗೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1980ರ ದಶಕದಲ್ಲಿ ಸಾಮಾನ್ಯ ಶ್ರೇಣಿಪಟ್ಟಿ ತಂದಿತು. ಇಂದಿನ ರೂಪದಲ್ಲಿ 1 ಸೌಮ್ಯ, 5 ಎಂದರೆ ಸಾವು. ಇಲ್ಲೊಂದು ಕೊರತೆ ಕಾಡುತ್ತದೆ. ಎರಡು ದಿನದ ತೀವ್ರ ವಾಂತಿ ವರದಿಯಲ್ಲಿ ಎದ್ದು ಕಾಣುತ್ತದೆ. ತಿಂಗಳುಗಟ್ಟಲೆ ಬೆರಳು ಜೋಮು ಹಿಡಿದಿರುವ ಪಾಡು ಕೆಳಗಿನ ಶ್ರೇಣಿಯಲ್ಲಿ ಮುಚ್ಚಿಹೋಗಬಹುದು.

ರೋಗಿಯನ್ನೇ ಕೇಳುವ ಪದ್ಧತಿ 1993ರ ಹೊತ್ತಿಗೆ ಬೇರೂರಿತು. ಆ ವರ್ಷ ಯುರೋಪಿನ ಸಂಶೋಧಕರು ಪ್ರಕಟಿಸಿದ 30 ಪ್ರಶ್ನೆಗಳ ಪತ್ರಿಕೆ ಇಂದು ಕನ್ನಡದಲ್ಲೂ ಇದೆ. ಕೇಳಿದರೆ ಉಪಯೋಗವೇನು ಎನ್ನುವವರಿಗೆ 2017ರಲ್ಲಿ ಉತ್ತರ ಸಿಕ್ಕಿತು. ನ್ಯೂಯಾರ್ಕಿನಲ್ಲಿ ಕೀಮೋ ಪಡೆಯುತ್ತಿದ್ದ 766 ರೋಗಿಗಳ ಅಧ್ಯಯನದಲ್ಲಿ, ತಮ್ಮ ಲಕ್ಷಣಗಳನ್ನು ತಾವೇ ಕಂಪ್ಯೂಟರಿನಲ್ಲಿ ದಾಖಲಿಸಿದವರ ಮಧ್ಯಾಂಕ ಬದುಕುಳಿವು 31 ತಿಂಗಳು. ಎಂದಿನ ಆರೈಕೆಯಲ್ಲಿದ್ದವರದು 26. ಹೊಸ ಔಷಧಿಯೊಂದು ಇಷ್ಟು ಸಾಧಿಸಿದ್ದರೆ ದೊಡ್ಡ ಸುದ್ದಿಯಾಗುತ್ತಿತ್ತು.

ವಿಕಿರಣದಲ್ಲೂ ಅಳತೆ ಚಿಕಿತ್ಸೆಯನ್ನೇ ತಿದ್ದಿದೆ. ಬ್ರಿಟನ್ನಿನ ಪಾರ್‌ಸ್ಪೋರ್ಟ್ ಪ್ರಯೋಗದಲ್ಲಿ ಜೊಲ್ಲುಗ್ರಂಥಿಯನ್ನು ಉಳಿಸುವಂತೆ ಕಿರಣವನ್ನು ಹೊಂದಿಸಿದಾಗ, ವರ್ಷದ ಬಳಿಕ ಬಾಯಿ ಗಣನೀಯವಾಗಿ ಒಣಗಿದವರು ಶೇ. 74ರಿಂದ 38ಕ್ಕೆ ಇಳಿದರು. ತಂಬಾಕು ಜಗಿದು ಬಾಯಿ ಕ್ಯಾನ್ಸರಿಗೆ ತುತ್ತಾದವರು ಹೆಚ್ಚಿರುವ ನಮ್ಮಲ್ಲಿ, ‘ಕರೆಂಟ್’ ಕೊಡಿಸಿಕೊಂಡವರು ಒಂದು ತುತ್ತು ರೊಟ್ಟಿಗೂ ನೀರು ಕುಡಿಯುವುದನ್ನು ಕಂಡವರಿಗೆ ಆ ಅಂತರದ ಬೆಲೆ ಗೊತ್ತು.

ಆದರೂ 30 ಪ್ರಶ್ನೆಗಳ ಆ ಪತ್ರಿಕೆ ಬಹುಪಾಲು ಕೇಳುವುದು ಕಳೆದ ವಾರದ ಸ್ಥಿತಿಯನ್ನು. ಸ್ವೀಡನ್ ಮತ್ತು ಡೆನ್ಮಾರ್ಕಿನ ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೃದಯಕ್ಕೆ ಬಿದ್ದ ಸರಾಸರಿ ವಿಕಿರಣ ಒಂದೊಂದು ಗ್ರೇ (ವಿಕಿರಣದ ಮಾನ) ಏರಿದಂತೆ ಹೃದಯಾಘಾತದಂಥ ಗಂಭೀರ ತೊಂದರೆಯ ಅಪಾಯ ಶೇ. 7.4 ಏರುತ್ತದೆ, ಆ ಅಪಾಯ ಕನಿಷ್ಠ 20 ವರ್ಷ ಬೆನ್ನು ಬಿಡದು. ಅಷ್ಟು ಕಾಲ ರೋಗಿಯ ಜಾಡು ಹಿಡಿಯುವ ದಾಖಲೆ ಇಲ್ಲದ ಕಡೆ ಆ ಹೃದಯಾಘಾತ ಕ್ಯಾನ್ಸರ್ ಚಿಕಿತ್ಸೆಯ ಲೆಕ್ಕಕ್ಕೆ ಬರುವುದೇ ಇಲ್ಲ.