ಗಡ್ಡೆ ಪ್ರೋಟೀನುಗಳು: ಬಾಯಿ ಕ್ಯಾನ್ಸರಿನ ಚರಿತ್ರೆಯಲ್ಲಿ

ಕ್ಯಾನ್ಸರ್ ಕೋಶಗಳು ತಯಾರಿಸುವ, ಇಲ್ಲವೇ ತಮ್ಮ ಮೈಮೇಲೆ ಮಿತಿಮೀರಿ ಹೊತ್ತಿರುವ ಪ್ರೋಟೀನುಗಳು. ರೋಗದ ಇರವನ್ನು, ಹರಡುವಿಕೆಯನ್ನು ತಿಳಿಸಿದರೆ ಇವು ಗುರುತು. ಔಷಧ ಇವನ್ನೇ ಹಿಡಿದು ಕಟ್ಟಿಹಾಕಿದರೆ ಗುರಿ. ಪುತ್ತೂರು, ಸುಳ್ಯ, ಕಡಬದ ಅಡಿಕೆ ಸೀಮೆಯಲ್ಲಿ, ಬೆಲ್ಲ ನೀರಿನ ಹಿಂದೆಯೇ ಎಲೆಯಡಿಕೆಯ ತಟ್ಟೆ ಬರುವ ಮನೆಗಳಲ್ಲಿ, ಈ ಚರಿತ್ರೆಯನ್ನು ಬಾಯಿ ಕ್ಯಾನ್ಸರಿನಿಂದಲೇ ತೊಡಗಬೇಕು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2004ರ ವರದಿ ತಂಬಾಕು ಸೇರಿಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ತೋಟವನ್ನೇ ನಂಬಿದವರಿಗೆ ಇದು ನೋವಿನ ಮಾತು, ಆದರೆ ಮುಚ್ಚಿಡುವ ಮಾತಲ್ಲ.

ಮೊದಲ ಗುರುತು ಸಿಕ್ಕಿದ್ದು ಮೂತ್ರದಲ್ಲಿ. 1840ರ ದಶಕದಲ್ಲಿ ಲಂಡನ್ನಿನ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್, ಮೂಳೆ ಮೆತ್ತಗಾಗಿದ್ದ ರೋಗಿಯೊಬ್ಬನ ಮೂತ್ರದಲ್ಲಿ ಕಾಯಿಸಿದರೆ ಕರಗುವ, ತಣಿದರೆ ಮತ್ತೆ ಹೆಪ್ಪುಗಟ್ಟುವ ವಸ್ತುವನ್ನು ಕಂಡ. ರಕ್ತದ ಗುರುತುಗಳು ಬಂದದ್ದು 1960ರ ದಶಕದಲ್ಲಿ.

ಹರಡುವಿಕೆಯ ವಿಚಾರ ಬೇರೆಯೇ. 1889ರಲ್ಲಿ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಂದಿಯ ದಾಖಲೆ ನೋಡಿ, ಬೀಜ ಎಲ್ಲೆಡೆ ಬಿದ್ದರೂ ಒಗ್ಗಿದ ಮಣ್ಣಿನಲ್ಲಷ್ಟೇ ಬೇರೂರುತ್ತದೆ ಎಂದ. ಕೃಷಿಕನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾಯಿ ಕ್ಯಾನ್ಸರಿಗೆ ಮೊದಲು ಒಗ್ಗುವ ಮಣ್ಣು ಕುತ್ತಿಗೆಯ ದುಗ್ಧಗ್ರಂಥಿ. ಅಂಗಾಂಶವನ್ನು ಕತ್ತರಿಸಿ ದಾರಿ ಮಾಡಿಕೊಡುವ ಕಿಣ್ವಗಳನ್ನು ತಡೆಯುವ ಔಷಧಗಳು 1990ರ ದಶಕದಲ್ಲಿ ದೊಡ್ಡ ಆಸೆ ಹುಟ್ಟಿಸಿ ಸೋತವು.

ಗೆದ್ದ ದಾರಿ ಇಲಿಮರಿಗಳಿಂದ ಶುರುವಾಯಿತು. ಇಲಿಯ ಜೊಲ್ಲುಗ್ರಂಥಿಯ ಸಾರ ಚುಚ್ಚಿದಾಗ ಮರಿಗಳು ವಾಡಿಕೆಗಿಂತ ಬೇಗ ಕಣ್ಣು ತೆರೆದದ್ದನ್ನು ಬೆನ್ನಟ್ಟಿ, ಸ್ಟ್ಯಾನ್ಲಿ ಕೋಹೆನ್ 1962ರಲ್ಲಿ ಒಂದು ಬೆಳವಣಿಗೆ ಪ್ರೋಟೀನನ್ನು ಬೇರ್ಪಡಿಸಿದರು. 1986ರಲ್ಲಿ ನೊಬೆಲ್ ಪಡೆದರು. ಆ ಪ್ರೋಟೀನು ಬಂದು ಕೂರುವ ಗ್ರಾಹಕವೇ ಇಜಿಎಫ್‌ಆರ್. ತಲೆ-ಕುತ್ತಿಗೆಯ ಬಹುಪಾಲು ಕ್ಯಾನ್ಸರುಗಳಲ್ಲಿ ಇದು ವಿಪರೀತ ಹೆಚ್ಚಿರುತ್ತದೆ. ಕ್ಯೂಬಾದಲ್ಲಿ ರೂಪುಗೊಂಡ ನಿಮೊಟುಜುಮಾಬ್ ಎಂಬ ಪ್ರತಿಕಾಯ ಇದನ್ನೇ ಹಿಡಿಯುತ್ತದೆ; 2006ರಲ್ಲಿ ಬೆಂಗಳೂರಿನ ಬಯೋಕಾನ್ ಅದನ್ನು ಭಾರತದ ಮಾರುಕಟ್ಟೆಗೆ ತಂದಿತು.

ಇನ್ನೊಂದು ಗುರಿ ಪಿಡಿ-ಎಲ್1. ಗಡ್ಡೆ ಇದನ್ನು ಮುಂದೊಡ್ಡಿ ರಕ್ಷಕ ಕೋಶಗಳ ಕೈ ಕಟ್ಟುತ್ತದೆ. ಕಟ್ಟು ಬೀಳದಂತೆ ತಡೆಯುವ ನಿವೊಲುಮಾಬ್ ನಮ್ಮ ಬಹುತೇಕ ಕುಟುಂಬಗಳಿಗೆ ಎಟುಕದಷ್ಟು ದುಬಾರಿ. ಹಾಗಾಗಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಪ್ರಯೋಗವನ್ನು ನಾನು ಈ ಚರಿತ್ರೆಯ ಬಹು ಮುಖ್ಯ ಘಟ್ಟವೆಂದು ಎಣಿಸುತ್ತೇನೆ. ಅಲ್ಲಿ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ, ಅಂದರೆ ರೂಢಿಯ ಪ್ರಮಾಣದ ಹತ್ತನೇ ಒಂದಕ್ಕಿಂತ ಕಡಿಮೆ, ಕೊಟ್ಟರು. ಜೊತೆಗಿದ್ದ ಮೂರು ಗುಳಿಗೆಗಳಲ್ಲಿ ಒಂದು ಇಜಿಎಫ್‌ಆರ್ ತಡೆಯುವ ಎರ್ಲೊಟಿನಿಬ್. 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬರೀ ಗುಳಿಗೆ ಪಡೆದವರಲ್ಲಿ ಶೇ. 16.3 ಮಂದಿ ಒಂದು ವರ್ಷ ದಾಟಿದರೆ, ನಿವೊಲುಮಾಬ್ ಸೇರಿಸಿದವರಲ್ಲಿ ಶೇ. 43.4 ಮಂದಿ ದಾಟಿದರು.

ಬಾಯಿ ಕ್ಯಾನ್ಸರನ್ನು ರಕ್ತಪರೀಕ್ಷೆಯೊಂದರಿಂದಲೇ ಖಚಿತಪಡಿಸುವ ಪ್ರೋಟೀನು ಮಾತ್ರ ಇನ್ನೂ ಬಳಕೆಗೆ ಬಂದಿಲ್ಲ. ಹುಣ್ಣಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ತೀರ್ಮಾನಿಸಬೇಕು. ಎಲೆಯಡಿಕೆ ಹಾಕುವವರು ಕೆನ್ನೆಯ ಒಳಭಾಗ, ನಾಲಿಗೆಯ ಅಂಚು ನೋಡಿಕೊಳ್ಳಿ; ಎರಡು ವಾರದಲ್ಲಿ ಮಾಯದ ಹುಣ್ಣು, ಬಿಳಿ ಮಚ್ಚೆ, ಬಾಯಿ ಅಗಲಿಸಲಾಗದ ಬಿಗಿತ ಕಂಡರೆ ದಂತವೈದ್ಯರಿಗೆ ತೋರಿಸಿ.