ಲೈಸೆನ್ಸಿನ ಹಿಂದುಮುಂದು

ವಾಚಕರೇ, ರೇಡಿಯೋ ಇಟ್ಟುಕೊಳ್ಳಲು ಸರಕಾರದ ಅಪ್ಪಣೆ ಬೇಕಾಗಿದ್ದ ಕಾಲವನ್ನು ತಮ್ಮಲ್ಲಿ ಹಿರಿಯರು ಬಲ್ಲರು. ಬೀದರ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದಾಗಲೂ ಈ ಕಟ್ಟಳೆಯಿತ್ತು. ಮನೆಯ ಯಜಮಾನರು ವರ್ಷವರ್ಷವೂ ಅಂಚೆಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸನ್ನು ಹೊಸದು ಮಾಡಿಸುತ್ತಿದ್ದರು. 1980ರ ದಶಕದಲ್ಲಿ ಅದು ರದ್ದಾಯಿತು.

ಮುಂದೆ ಅದೇ ಅಂಚೆಕಚೇರಿಗೆ ಇನ್ನೊಬ್ಬ ಅರ್ಜಿದಾರ ಬಂದನು, ಅವನೇ ಕೇಬಲ್ಲಿನವನು. 1995ರ ಕೇಬಲ್ ಟೆಲಿವಿಷನ್ ಕಾಯಿದೆಯ ಮೇರೆಗೆ, ಬೀದರವಾಗಲಿ, ಭಾಲ್ಕಿ ಔರಾದಗಳಾಗಲಿ, ತಂತಿ ಎಳೆಯುವವನು ಪ್ರಧಾನ ಅಂಚೆಕಚೇರಿಯಲ್ಲಿ 500 ರೂಪಾಯಿ ಕಟ್ಟಿ ನೋಂದಾಯಿಸಿಕೊಂಡು, 12 ತಿಂಗಳಿಗೊಮ್ಮೆ ನವೀಕರಿಸಬೇಕಾಗಿತ್ತು.

ಅಮೆರಿಕದ ರೀತಿಯೇ ಬೇರೆ. ಅಲ್ಲಿಯ 1984ರ ಕಾಯಿದೆಯಂತೆ, ಅವಧಿ ತೀರುವ ಮುನ್ನ ನಗರಾಡಳಿತವು ಊರಿನವರ ಅಹವಾಲನ್ನು ಕೇಳಿ ಕಂಪನಿಯೊಡನೆ ಕರಾರು ಮಾತಾಡಬಹುದು. ಶಾಲೆಗೆ, ಸಾರ್ವಜನಿಕರಿಗೆ ಚಾನೆಲ್ ಬಿಟ್ಟುಕೊಡೆಂದು ಕೇಳಬಹುದು. ನಮ್ಮ ನವೀಕರಣದಲ್ಲಿ ಊರಿನ ಮಾತಿಗೆ ಎಡೆಯಿರಲಿಲ್ಲ.

ಕನ್ನಡ, ಮರಾಠಿ, ತೆಲುಗು, ಉರ್ದುಗಳು ಬೆರೆತ ಗಡಿಸೀಮೆಗೆ ಇದು ಸಣ್ಣ ಸಂಗತಿಯಲ್ಲ. 2000ದ ತಿದ್ದುಪಡಿಯು ರಾಜ್ಯದ ಭಾಷೆಯ ಒಂದು ದೂರದರ್ಶನ ಚಾನೆಲನ್ನು ಕಡ್ಡಾಯಗೊಳಿಸಿತು. ಔರಾದದ ಮನೆಗೆ ಕನ್ನಡವನ್ನು ಮುಟ್ಟಿಸಲು ಕಾಯಿದೆ ಕೊಟ್ಟ ಆಸರೆ ಅಷ್ಟೇ. ಉಳಿದುದು ವ್ಯಾಪಾರದ ಪಾಲು.

2025ರ ಜನವರಿಯ ನಿಯಮದಿಂದ ನೋಂದಣಿ ಅಂಚೆಕಚೇರಿಯನ್ನು ಬಿಟ್ಟು ದೆಹಲಿಯ ಮಂತ್ರಾಲಯಕ್ಕೆ ಹೋಯಿತು. ಅರ್ಜಿ ಕಂಪ್ಯೂಟರಿನಲ್ಲಿ, ಶುಲ್ಕ 5000 ರೂಪಾಯಿ, ಅವಧಿ 5 ವರ್ಷ. ಕೇಬಲ್ಲಿನವನ ಅಲೆದಾಟ ತಪ್ಪಿದ್ದು ಒಳ್ಳೆಯದೇ. ಆದರೆ ಹಿಂದೆ ಕೇಳುವ ಮನೆಯವರೇ ಲೈಸೆನ್ಸುದಾರರು; ಇಂದು ಅವರು ಬರಿಯ ಗಿರಾಕಿಗಳು. ಐದು ವರ್ಷಕ್ಕೊಮ್ಮೆಯಾದರೂ “ನಿಮ್ಮ ಊರಿಗೇನು ಬೇಕು?” ಎಂದು ಯಾರಾದರೂ ಅವರನ್ನು ಕೇಳಬೇಡವೆ? ತಾವೇ ವಿಚಾರ ಮಾಡಿರಿ.